ಮೂರು ಕಡೆ ಏಳೇಳು ನಿಮಿಷ

ಪ್ರಿಂಟರಿನ ಬಾಯಿಂದ ಹಾಳೆ ಇಂಚಿಂಚಾಗಿ ಹೊರಗೆ ಬರುತ್ತಿದ್ದಾಗ ಅವಳು ಅದರ ಮೇಲೆ ಅಂಗೈ ಅಡ್ಡ ಹಿಡಿದು ನಿಂತಿದ್ದಳು, ಪರೀಕ್ಷೆಯಲ್ಲಿ ಪಕ್ಕದವರಿಗೆ ಕಾಣದಂತೆ ಉತ್ತರ ಮುಚ್ಚಿಕೊಳ್ಳುವ ಹುಡುಗಿಯ ಹಾಗೆ. ಮುಚ್ಚಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹನ್ನೆರಡು ದಿನ, ಮೂರು ಊರು, ಹೊರಡುವ ಹೊತ್ತು, ತಲುಪುವ ಹೊತ್ತು, ಗಾಡಿಯ ಸಂಖ್ಯೆ. ಮೊದಲ ಸಲ ಯೂರೋಪಿಗೆ ಹೊರಟವರು ಯಾರಾದರೂ ಮಾಡಿಕೊಳ್ಳುವಂಥ ಪಟ್ಟಿ. ಆದರೂ ಶನಿವಾರದ ಅರ್ಧ ದಿನದ ಶಾಲೆ ಮುಗಿದು ಸ್ಟಾಫ್ ರೂಮು ಖಾಲಿಯಾಗುವ ತನಕ ಅವಳು ಕಾದಿದ್ದಳು. ಖಾಲಿಯಾಯಿತು ಅಂದುಕೊಂಡಿದ್ದಳು. ಹಿಂದಿನಿಂದ ವಿಜ್ಞಾನದ ಮೇಷ್ಟ್ರು, ಕೈಯಲ್ಲಿ ತೊಳೆದ ಲೋಟ ಹಿಡಿದು, ಅವಳ ಭುಜದ ಮೇಲಿನಿಂದ ಕತ್ತು ಚಾಚಿದರು.

“ಓಹೋ, ಯೂರೋಪು! ಅಲ್ಲೂ ಟೈಮ್‌ಟೇಬಲ್ಲಾ ಮೇಡಂ? ನಿಮ್ಮ ಯಜಮಾನ್ರಿಗೆ ಬೆಲ್ ಹೊಡೆದು ಎಬ್ಬಿಸ್ತೀರಾ?”

ಅವಳು ನಕ್ಕಳು. ಹಾಳೆಯನ್ನು ತಿರುಗಿಸುವುದರೊಳಗೆ ಅವರ ಒದ್ದೆ ಬೆರಳು ಅದರ ಮೇಲೆ ಬಂದಿತ್ತು.

“ಇದೇನಿದು, ಗಾಡಿ ಬದಲಾಯಿಸೋಕೆ ಏಳೇ ನಿಮಿಷ? ನಮ್ಮ ಏಳನೇ ಕ್ಲಾಸಿನವು ಲ್ಯಾಬಿಂದ ಲೈಬ್ರರಿಗೆ ಹೋಗೋಕೇ ಹತ್ತು ನಿಮಿಷ ತಗೋತಾವೆ. ಇಲ್ಲೂ ಏಳು. ಇಲ್ಲೂ ಏಳು. ನೇರ ಗಾಡಿ ಇಲ್ವಾ?”

“ಇಲ್ಲ,” ಎಂದಳು ಅವಳು.

ಅಷ್ಟು ಸಲೀಸಾಗಿ ಬಂದ ಆ ಮಾತು ಆಮೇಲೆ ಬಸ್ಸಿನಲ್ಲಿ ಕೂತ ಮೇಲೂ ಬಾಯಲ್ಲಿ ಉಳಿದೇ ಇತ್ತು, ನುಂಗಲೂ ಆಗದ ಉಗುಳಲೂ ಆಗದ ನಾರಿನ ಹಾಗೆ. ನೇರ ಗಾಡಿ ಇತ್ತು. ಗೋಪುರದೂರಿನಿಂದ ನೀರೂರಿಗೆ ಒಂದು, ನೀರೂರಿನಿಂದ ಪಿಟೀಲೂರಿಗೆ ಒಂದು. ಊರುಗಳಿಗೆ ಈ ಹೆಸರು ಇಟ್ಟದ್ದು ಅವಳ ಗಂಡ. ಅಲ್ಲಿಯ ಹೆಸರುಗಳು ಅವನ ನಾಲಿಗೆಗೆ ಹೊರಳುತ್ತಿರಲಿಲ್ಲ. ಒಂದರಲ್ಲಿ ಗೋಪುರ, ಒಂದರಲ್ಲಿ ಕಾಲುವೆ, ಒಂದರಲ್ಲಿ ಸಂಗೀತ, ಇಷ್ಟು ನೆನಪಿಟ್ಟುಕೊಂಡರೆ ಸಾಕು ಅನ್ನುತ್ತಿದ್ದ. ಬೆಳಿಗ್ಗೆ ಹತ್ತಿ ಕೂತರೆ ಸಂಜೆ ಇಳಿಯುವುದು, ನಡುವೆ ಎದ್ದೇಳುವ ಕೆಲಸವೇ ಇಲ್ಲ. ಆ ಗಾಡಿಗಳನ್ನು ಅವಳು ಕಂಪ್ಯೂಟರಿನ ತೆರೆಯ ಮೇಲೆ ಮೊದಲ ದಿನವೇ ನೋಡಿದ್ದಳು. ನೋಡಿ, ಪಟ್ಟಿಯನ್ನು ಇನ್ನೂ ಕೆಳಕ್ಕೆ ಎಳೆದು, ಒಂದಕ್ಕೆ ಎರಡು ಸಲ, ಇನ್ನೊಂದಕ್ಕೆ ಒಂದು ಸಲ ಗಾಡಿ ಬದಲಾಯಿಸಬೇಕಾದ ದಾರಿಗಳನ್ನು ಹುಡುಕಿ, ಬದಲಾಯಿಸಲು ಅರ್ಧ ಗಂಟೆ ಬಿಡುವಿದ್ದದ್ದನ್ನೂ ಬಿಟ್ಟು, ಏಳು ನಿಮಿಷದ್ದನ್ನು ಆರಿಸಿದ್ದಳು. ಆ ನಿಲ್ದಾಣಗಳ ನಕ್ಷೆಯನ್ನೂ ತೆಗೆದು ನೋಡಿದ್ದಳು. ಎರಡು ಕಡೆ ಮೆಟ್ಟಿಲಿಳಿದು ಸುರಂಗ ದಾಟಿ ಮತ್ತೆ ಹತ್ತಬೇಕು. ಮೂರನೆಯದರಲ್ಲಿ ಮೇಲ್ಸೇತುವೆ. ಅಕ್ಕನ ಎಡ ಮಂಡಿ ಮಡಿಸಲು ಬರುವುದಿಲ್ಲ.

ಅಕ್ಕನನ್ನು ಕರೆದದ್ದು ಅವಳಲ್ಲ. ಕರೆದದ್ದು ಗಂಡ, ಒಂದು ಭಾನುವಾರ ಊಟದ ಮೇಜಿನಲ್ಲಿ. ಕನ್ನಡಕದ ಅಂಗಡಿಯವನು ಅವನು. ದಿನವಿಡೀ ಜನರ ಮೂಗಿನ ಮೇಲೆ ಚೌಕಟ್ಟು ಕೂರಿಸಿ ‘ಇದು ನಿಮಗೆ ಬಹಳ ಒಪ್ಪುತ್ತೆ’ ಅನ್ನುವ ಬಾಯಿ, ಮನೆಯಲ್ಲೂ ಹಾಗೆಯೇ ಆಡುತ್ತದೆ. “ನೀವೂ ಬನ್ನಿ ಅಕ್ಕ, ನಮ್ಮಿಬ್ಬರ ಮುಖ ನಾವೇ ನೋಡ್ಕೊಂಡು ಹನ್ನೆರಡು ದಿನ ಹೇಗೆ ಕಳೆಯೋದು?” ಅಂದ. ಅಕ್ಕ ಗೊಳ್ಳನೆ ನಕ್ಕಳು. “ಈ ಕುಂಟು ಕಾಲು ಕಟ್ಟಿಕೊಂಡಾ? ಅದಕ್ಕೊಂದು ಬೇರೆ ಟಿಕೆಟ್ ತೆಗೀಬೇಕಾಗುತ್ತೆ,” ಅಂದಳು. ಅಲ್ಲಿಗೆ ಮುಗಿಯಿತು ಅಂದುಕೊಂಡು ಇವಳು ತಟ್ಟೆ ಎತ್ತಲು ಎದ್ದಳು. ಅಡುಗೆಮನೆಯಿಂದ ಕೇಳಿಸಿತು, ಅಕ್ಕ ತಗ್ಗಿದ ದನಿಯಲ್ಲಿ ಕೇಳುತ್ತಿದ್ದಳು: “ಆ ತಿಂಗಳಲ್ಲಿ ಅಲ್ಲಿ ಚಳಿ ಇರುತ್ತಾ?” ತಟ್ಟೆಗಳ ಮೇಲೆ ನಲ್ಲಿ ಬಿಟ್ಟು ಅವಳು ಸುಮ್ಮನೆ ನಿಂತುಬಿಟ್ಟಳು. ಚಳಿಯನ್ನು ವಿಚಾರಿಸುವವರು ಬರುವವರೇ.

ಆಮೇಲೆ ಕಾರಿನ ಮಾತು ಬಂತು. ಅಲ್ಲಿ ಕಾರು ಬಾಡಿಗೆಗೆ ಸಿಗುತ್ತದಂತೆ, ಹಿಂದಿನ ಸೀಟಿನಲ್ಲಿ ಅಕ್ಕ ಕಾಲು ನೀಡಿಕೊಂಡು ಕೂರಬಹುದು, ಬೇಕಾದಲ್ಲಿ ನಿಲ್ಲಿಸಬಹುದು ಎಂದು ಗಂಡ ಹುಮ್ಮಸ್ಸಿನಿಂದ ಹೇಳಿದ. ಅವಳು ಒಂದೊಂದಾಗಿ ಕಾರಣ ಎಣಿಸಿದಳು. ಗೊತ್ತಿಲ್ಲದ ರಸ್ತೆ, ಗೊತ್ತಿಲ್ಲದ ನಿಯಮ, ಹಳೆಯ ಊರುಗಳ ಒಳಗೆ ಕಾರು ಬಿಡುವುದೇ ಇಲ್ಲ, ನಿಲ್ಲಿಸಲು ಜಾಗ ಇಲ್ಲ, ಅವನ ಸೊಂಟ ನೋವು. ಒಂದೊಂದು ಕಾರಣವೂ ಸತ್ಯ. ಅದೇ ಅವಳ ಕಸುಬಿನ ಗುಟ್ಟು, ಸತ್ಯವಾದ ಕಾರಣಗಳನ್ನೇ ಜೋಡಿಸಿ ತನಗೆ ಬೇಕಾದ ಜಾಗಕ್ಕೆ ತಲುಪುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. “ನಿನಗೆ ಗೊತ್ತಿರುತ್ತೆ ಬಿಡು, ನೀನು ಟೈಮ್‌ಟೇಬಲ್ಲಿನವಳು,” ಎಂದು ಅವನು ಟೀವಿಯ ಕಡೆ ತಿರುಗಿದ.

ಶಾಲೆಯಲ್ಲಿ ಅವಳು ಹೇಳಿಕೊಡುವುದು ಗಣಿತ, ಆದರೆ ಹತ್ತೊಂಬತ್ತು ವರ್ಷದಿಂದ ಇಡೀ ಶಾಲೆಯ ವೇಳಾಪಟ್ಟಿ ಅವಳ ಕೈಯಲ್ಲಿದೆ. ಗೋಡೆಗೆ ಒರಗಿಸಿದ ಹಲಗೆ, ಒಬ್ಬೊಬ್ಬ ಟೀಚರಿಗೆ ಒಂದೊಂದು ಬಣ್ಣದ ಕಾಗದದ ಚೂರು, ಒಂದು ಡಬ್ಬಿ ಗುಂಡುಪಿನ್ನು. ಒಬ್ಬರಿಗೆ ಐದು ದಿನವೂ ಕೊನೆಯ ಪೀರಿಯಡ್ಡು ಬಿದ್ದರೆ ಅದು ಯಾರ ತಪ್ಪೂ ಅಲ್ಲ. ‘ನಾನೇನು ಮಾಡ್ಲಿ, ಹಲಗೆ ಹಾಗೆ ಬಂದಿದೆ’ ಅನ್ನುತ್ತಾಳೆ. ಚಿತ್ರಕಲೆಯ ಮೇಷ್ಟ್ರ ಬಣ್ಣ ತಿಳಿ ನೇರಳೆ. ಅವರಿಗೆ ಉಬ್ಬಸ. ನಿವೃತ್ತಿಗೆ ಇನ್ನೂ ಮೂರು ವರ್ಷ ಇತ್ತು, ಆದರೆ ಅವರ ಜಾಗಕ್ಕೆ ಬೇರೆ ಯಾರನ್ನೋ ತರಬೇಕು ಎಂದು ದೊಡ್ಡ ಮೇಡಮ್ಮಿಗೆ ಇತ್ತು. ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ. ‘ಈ ಸಲ ನೇರಳೆ ಸ್ವಲ್ಪ ಕಷ್ಟ ಆಗಬಹುದೇನೋ, ಅಲ್ವಾ’ ಎಂದಷ್ಟೇ ಹೇಳಿ ದೊಡ್ಡ ಮೇಡಂ ಹಲಗೆಯ ಮುಂದಿನಿಂದ ಸರಿದು ಹೋದರು. ಆ ವರ್ಷ ನೇರಳೆ ಚೂರು ಒಂದನೇ ಪೀರಿಯಡ್ಡಿಗೆ ನೆಲ ಮಹಡಿ, ಎರಡಕ್ಕೆ ಮೂರನೇ ಮಹಡಿ, ಮೂರಕ್ಕೆ ಮತ್ತೆ ನೆಲ ಮಹಡಿ. ಅವಳ ಗಣಿತದ ತರಗತಿಯ ಬಾಗಿಲ ಮುಂದೆ ಹಾದುಹೋಗುವಾಗ ಅವರು ಚೌಕಟ್ಟು ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದರು, ಮಕ್ಕಳ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು, ಉಸಿರಾಟ ಸಿಳ್ಳೆಯ ಹಾಗೆ ಕೇಳಿಸುತ್ತಿತ್ತು. ಅರ್ಧ ವರ್ಷಕ್ಕೆ ರಾಜೀನಾಮೆ ಕೊಟ್ಟರು. ಹೋಗುವ ದಿನ ಅವಳ ಹತ್ತಿರವೇ ಬಂದು, “ನೀವು ನನಗೋಸ್ಕರ ಎಷ್ಟು ತಲೆ ಕೆಡಿಸ್ಕೊಂಡ್ರಿ ಅಂತ ಗೊತ್ತು ಮೇಡಂ, ಹಲಗೆ ಸಹಕರಿಸಲಿಲ್ಲ,” ಎಂದು ಎರಡೂ ಕೈ ಹಿಡಿದುಕೊಂಡರು. ಅವರ ಕೈಯಲ್ಲಿ ಬಣ್ಣದ ವಾಸನೆ ಇತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಅವಳು ಮುಂದಿನ ಸೀಟಿನ ಸರಳು ಹಿಡಿದುಕೊಂಡಳು, ಚೀಲದೊಳಗೆ ಹಾಳೆ ಮಡಿಕೆಯಾಗದಂತೆ ಪುಸ್ತಕದ ನಡುವೆ ಇಟ್ಟಿದ್ದಳು. ಕೆಟ್ಟ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವುದು ಎಲ್ಲಿಂದ ಬಂತು ತನಗೆ?

ಅಕ್ಕನಿಂದಲೇ ಇರಬೇಕು. ಅಕ್ಕ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನಿಂತೇ ಕೆಲಸ ಮಾಡಿದವಳು, ಇಸ್ತ್ರಿಯ ಬಿಸಿ ಉರುಳೆಯಿಂದ ಬರುವ ಹಾಸುಗಳನ್ನು ಎರಡು ತುದಿ ಹಿಡಿದು ಕೊಡವಿ ಮಡಿಸುವುದು. ಮಡಿಕೆಯ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ತಾಯಿ ಹೋದಾಗ ಅಕ್ಕನಿಗೆ ಹತ್ತೊಂಬತ್ತು, ಇವಳಿಗೆ ಏಳು. ಜಡೆ ಹೆಣೆದದ್ದು, ಹೇನು ತೆಗೆದದ್ದು, ಬೆನ್ನಿಗೆ ಗುದ್ದಿದ್ದು ಎಲ್ಲ ಅಕ್ಕನೇ. ಅದು ಬೇರೆ. ಅದಕ್ಕಾಗಿ ಕೃತಜ್ಞತೆ ಇಲ್ಲದಿಲ್ಲ. ಆದರೆ ಎಂಟು ವರ್ಷದ ಹಿಂದೆ ಸಮುದ್ರದ ದಂಡೆಗೆಂದು ಹೋದಾಗ ರೈಲಿನಲ್ಲಿ ಅಕ್ಕ ಚಪ್ಪಲಿ ಬಿಚ್ಚಿ, ನೋಯುವ ಕಾಲನ್ನು ಎದುರು ಸೀಟಿನ ಮೇಲಿಟ್ಟು, ಪಕ್ಕದಲ್ಲಿದ್ದ ಹಸಿರು ಅಂಗಿಯ ಹೆಂಗಸಿಗೆ, ಪರಿಚಯವಾಗಿ ಐದು ನಿಮಿಷವೂ ಆಗಿರಲಿಲ್ಲ, ಹೇಳತೊಡಗಿದ್ದಳು. “ನನ್ನ ತಂಗಿ. ಮೂರು ಸಲ ಬಸಿರು ನಿಂತು ಮೂರು ಸಲಾನೂ ಹೋಯ್ತು. ಮೂರನೇದು ಐದು ತಿಂಗಳು. ಗಂಡು.” ಕಡಲೆಕಾಯಿ ಬಿಡಿಸುವ ಹಾಗೆ ಹೇಳಿದ್ದಳು. ಹಸಿರು ಅಂಗಿಯವಳು ಬಾಗಿ ಇವಳ ಕೈ ಸವರಿದಳು. ಸವರಿದ ಜಾಗ ಸಂಜೆಯ ತನಕ ಉರಿಯುತ್ತಿತ್ತು. ಅವಳು ಕಿಟಕಿಯ ಕಡೆ ತಿರುಗಿ ಕಂಬಗಳನ್ನು ಎಣಿಸಿದ್ದಳು. ಆವತ್ತೇ, ನೂರಾ ಹತ್ತನೆಯದೋ ಹನ್ನೊಂದನೆಯದೋ ಕಂಬದ ಹತ್ತಿರ, ಅವಳಿಗೆ ಒಂದು ಆಸೆ ಹುಟ್ಟಿದ್ದು. ತನ್ನ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲದ ಒಂದು ಊರಿನಲ್ಲಿ ಕೆಲವು ದಿನ ಓಡಾಡಬೇಕು. ಅಂಗಡಿಯವರು, ಹೋಟೆಲಿನವರು, ಪಕ್ಕದ ಸೀಟಿನವರು, ಅವಳನ್ನು ನೋಡಿ ಬರೀ ಒಬ್ಬ ಹೆಂಗಸು ಅಂದುಕೊಳ್ಳಬೇಕು. ಗಂಡನಿಗೂ ಇದನ್ನು ಹೇಳಿಲ್ಲ. ಹೇಳಿದರೆ ಅದು ಯೂರೋಪಿಗಿಂತ ದೊಡ್ಡದಾಗಿಬಿಡುತ್ತದೆ.

ಬಸ್ಸಿಳಿದು ಅಕ್ಕನ ಬೀದಿಗೆ ಹೋಗಬೇಕಾದರೆ ಅಗಲವಾದ ರಸ್ತೆಯ ಮೇಲಿನ ಕಾಲುಸೇತುವೆಯ ಪಕ್ಕದಲ್ಲೇ ಹಾಯಬೇಕು. ಅದರ ಬುಡದಲ್ಲಿ ಬೀಗ ರಿಪೇರಿಯವನ ಪೆಟ್ಟಿಗೆಯಂಗಡಿ. ಅವನು ಕೆಲಸ ಬಿಟ್ಟು, ಕೈಗಡಿಯಾರವನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು, ಮೇಲೆ ನೋಡುತ್ತಿದ್ದ. ಅವಳೂ ನೋಡಿದಳು. ಸೇತುವೆಯ ಈಚೆ ಮೆಟ್ಟಿಲ ಸಾಲಿನಲ್ಲಿ, ಗೋಡೆಗೆ ಮುಖ ಮಾಡಿದ ಹಾಗೆ ಅಡ್ಡಡ್ಡವಾಗಿ, ಒಂದು ಕೈಯಲ್ಲಿ ಕಂಬಿ ಅವಚಿ, ಇನ್ನೊಂದು ಕೈಯಲ್ಲಿ ಚಕ್ರದ ಸೂಟ್‌ಕೇಸನ್ನು ಒಂದೊಂದೇ ಮೆಟ್ಟಿಲು ಧಡ್ ಧಡ್ ಎಂದು ಇಳಿಸುತ್ತ ಅಕ್ಕ ಬರುತ್ತಿದ್ದಳು. ನೆಟ್ಟಗಿನ ಎಡಗಾಲು ಮೊದಲು, ಆಮೇಲೆ ಬಲಗಾಲು, ಆಮೇಲೆ ಸೂಟ್‌ಕೇಸು. ಹಿಂದಿನಿಂದ ಇಳಿಯುವವರು ನಿಂತು, ಬದಿಗೆ ಸರಿದು, ತಿರುಗಿ ನೋಡಿ ಹೋಗುತ್ತಿದ್ದರು. ಅಕ್ಕನ ತಲೆಗೂದಲು ಬೆವರಿಗೆ ಹಣೆಗಂಟಿತ್ತು. ಕೊನೆಯ ಮೆಟ್ಟಿಲು ಇಳಿದು ಸೂಟ್‌ಕೇಸನ್ನು ನೆಲಕ್ಕೆ ಊರಿ ಅಕ್ಕ ಕೂಗಿದಳು, “ಎಷ್ಟು?”

“ಹನ್ನೊಂದು ಅಮ್ಮ! ಹನ್ನೊಂದಕ್ಕೆ ಹತ್ತು ಸೆಕೆಂಡು ಕಮ್ಮಿ!”

“ಸುಳ್ಳು ಹೇಳ್ಬೇಡ, ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀಯ.”

“ಬೀಗದವನಿಗೆ ಸುಳ್ಳು ಹೇಳಿ ಗೊತ್ತಿಲ್ಲಮ್ಮ, ಯಾರೂ ನಂಬಲ್ಲ ಆಮೇಲೆ.”

ಆಗ ಅಕ್ಕ ತಂಗಿಯನ್ನು ಕಂಡಳು. ಮುಖ ಒಮ್ಮೆ ಅರಳಿ, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಸಣ್ಣದಾಯಿತು. “ಬಂದ್ಯಾ ಮೇಡಮ್ಮ. ನಿನ್ನ ಗಂಡ ಫೋನಲ್ಲಿ ಹೇಳಿದ್ರು, ಏಳು ನಿಮಿಷದಲ್ಲಿ ಗಾಡಿ ಬದಲಾಯಿಸ್ಬೇಕಂತೆ ಅಂತ. ಹೋದ ವಾರ ಹದಿನಾರು ಆಗ್ತಿತ್ತು. ನೋಡು, ಹನ್ನೊಂದಕ್ಕೆ ಬಂದಿದೆ. ಇನ್ನೂ ಆರು ವಾರ ಇದೆಯಲ್ಲ, ನಾಲ್ಕು ನಿಮಿಷ ಇಳಿಸಿದ್ರೆ ಆಯ್ತು. ಇದರೊಳಗೆ ಏನಿದೆ ಗೊತ್ತಾ? ಹಳೇ ಪೇಪರು. ಹನ್ನೆರಡು ಕಿಲೋ, ಅಂಗಡೀಲಿ ತೂಗಿಸಿದೀನಿ.”

ಆ ಕ್ಷಣದಲ್ಲಿ ತನಗೆ ಏನಾಗಬೇಕಿತ್ತು ಎಂದು ಆಮೇಲೆ ಅವಳು ಎಷ್ಟೋ ಸಲ ಯೋಚಿಸಿದಳು. ಗಂಟಲು ಕಟ್ಟಬೇಕಿತ್ತು. ಅಕ್ಕನ ಕೈಯಿಂದ ಸೂಟ್‌ಕೇಸು ಕಸಿದುಕೊಳ್ಳಬೇಕಿತ್ತು. ಆದದ್ದು ಬೇರೆ. ಹನ್ನೊಂದು ಎಂಬ ಸಂಖ್ಯೆ ಕಿವಿಗೆ ಬಿದ್ದೊಡನೆ ಅವಳ ತಲೆ ತಾನಾಗಿಯೇ ಲೆಕ್ಕಕ್ಕೆ ಕೂತಿತು. ವಾರಕ್ಕೆ ಐದು ನಿಮಿಷ ಇಳಿದಿದೆ, ಇನ್ನು ಅಷ್ಟು ಬೇಗ ಇಳಿಯಲಾರದು, ಆದರೂ ಆರು ವಾರದಲ್ಲಿ ಏಳಕ್ಕೆ ಬಂದರೂ ಬಂದೀತು. ಐದು ನಿಮಿಷದ್ದೊಂದು ದಾರಿ ಇತ್ತಲ್ಲ, ತೀರಾ ಕಮ್ಮಿಯಾಯಿತು, ಗಂಡ ಒಪ್ಪಲಿಕ್ಕಿಲ್ಲ ಎಂದು ಬಿಟ್ಟದ್ದು. ಹಲಗೆಯ ಮೇಲೆ ಪಿನ್ನು ಕಿತ್ತು ಇನ್ನೊಂದು ಚೌಕಕ್ಕೆ ಚುಚ್ಚುವ ಬೆರಳು ಅವಳೊಳಗೆ ಆಗಲೇ ಚಾಚಿಕೊಂಡಿತ್ತು. ಬೀಗದವನು ಅವಳನ್ನು ನೋಡಿ ನಗುತ್ತಿದ್ದ. “ನಿಮ್ಮಕ್ಕ ಭಾರಿ ಗಟ್ಟಿ ಮೇಡಂ. ಬೀದಿಗೆಲ್ಲ ಹೇಳಿದ್ದಾರೆ, ತಂಗಿ ಕರ್ಕೊಂಡು ಹೋಗ್ತಿದ್ದಾಳೆ ಅಂತ.”

ಮನೆ ನೆಲಮಹಡಿಯ ಒಂದೂವರೆ ಕೋಣೆ. ಅಕ್ಕ ಕುರ್ಚಿಯಲ್ಲಿ ಕೂತು ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡಳು. ಬಾತುಕೊಂಡ ಮಂಡಿಯ ಚರ್ಮ ಹೊಳೆಯುತ್ತಿತ್ತು. ಅವಳು ಆ ಕಡೆ ನೋಡದೆ ಟೀ ಮಾಡಲು ಎದ್ದಳು. ಕಪಾಟಿನ ಬಾಗಿಲಿಗೆ ಒಂದು ಹೊಸ ಉಣ್ಣೆಯ ಕೋಟು ನೇತುಬಿದ್ದಿತ್ತು, ಬೆಲೆಯ ಚೀಟಿ ಇನ್ನೂ ತೋಳಿನಲ್ಲೇ ಇತ್ತು. ಅಕ್ಕ ಒಂದೇ ಸಮನೆ ಮಾತಾಡುತ್ತಿದ್ದಳು, ನೀರೂರಿನ ದೋಣಿಗೆ ಹತ್ತುವಾಗ ಕೈ ಹಿಡಿಯುವವರು ಇರುತ್ತಾರಾ, ಪಿಟೀಲು ಕೇಳುವಲ್ಲಿ ನಡುವೆ ಎದ್ದು ಹೋಗಬಹುದಾ, ತನಗೆ ಗಂಟೆಗೊಮ್ಮೆ ಏಳಬೇಕಲ್ಲ. “ಹೋಗ್ಬಾರ್ದು ಅಂದ್ರೆ ಬಾಗಿಲ ಹತ್ರಾನೇ ಕೂತ್ಕೋತೀನಿ, ನಿಮಗೆ ಅವಮಾನ ಮಾಡಲ್ಲ,” ಎಂದು ನಕ್ಕಳು. ಲೋಟ ಮುಂದಿಟ್ಟು ಅವಳು ಹೇಳಿದಳು. ಹೇಳುವಾಗ ತನ್ನ ದನಿ ಸ್ಟಾಫ್ ರೂಮಿನ ದನಿಯಾದದ್ದು ಅವಳಿಗೇ ಕೇಳಿಸಿತು.

“ಅಕ್ಕ, ಏಳು ನಿಮಿಷ ಅಲ್ಲ. ಒಂದು ಕಡೆ ಐದೇ ನಿಮಿಷ ಇದೆ. ನಾನೂ ಎಷ್ಟೋ ನೋಡಿದೆ. ಆಗಲಿಲ್ಲ.”

“ಐದಾ?”

“ಐದು.”

ಅಕ್ಕ ಬಿಸಿನೀರಿನ ಚೀಲವನ್ನು ಕೆಳಗಿಟ್ಟಳು. ಲೆಕ್ಕ ಹಾಕುವವಳಂತೆ ಮಂಡಿಯನ್ನು ನೋಡಿದಳು. “ಐದು ಕಷ್ಟ ಕಣೇ,” ಅಂದಳು. ಆಮೇಲೆ, “ಎಲ್ಲಿ, ಆ ಪಟ್ಟಿ ತಂದಿದ್ದೀಯಲ್ಲ, ಕೊಡು,” ಎಂದು ಕೈ ಚಾಚಿದಳು.

ಪುಸ್ತಕದ ನಡುವಿನಿಂದ ಹಾಳೆ ತೆಗೆದು ಕೊಡುವಾಗಲೂ ಅವಳಿಗೆ ಹೊಳೆಯಲಿಲ್ಲ. ತನ್ನ ಕೈಯಲ್ಲಿ ಮಾಡಿದ್ದು, ಎರಡು ಸಲ ತಾಳೆ ನೋಡಿದ್ದು, ಹತ್ತೊಂಬತ್ತು ವರ್ಷದಲ್ಲಿ ಒಂದು ಪೀರಿಯಡ್ಡೂ ಹೆಚ್ಚುಕಮ್ಮಿ ಆಗದ ಕೈ. ಅಕ್ಕ ಕನ್ನಡಕ ಏರಿಸಿ ಹಾಳೆಯನ್ನು ತೊಡೆಯ ಮೇಲೆ ಹರಡಿ, ತೋರುಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಹೋದಳು. ಬೆರಳು ಒಂದು ಕಡೆ ನಿಂತಿತು. ತುಟಿ ಅಲ್ಲಾಡಿತು. ಮುಂದೆ ಹೋಯಿತು, ಮತ್ತೆ ನಿಂತಿತು. ಆಗ ಅವಳಿಗೆ ಹೊಳೆಯಿತು. ಬೆರಳು ಮೂರನೇ ಕಡೆಯೂ ನಿಂತು, ಕೊನೆಯ ಸಾಲು ಮುಟ್ಟಿ, ಮತ್ತೆ ಮೇಲಿನಿಂದ ಶುರುಮಾಡಿತು. ಗೋಡೆಯ ಆಚೆ ಯಾರದೋ ಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದರು. ಎರಡನೇ ಸಲವೂ ಕೊನೆ ಮುಟ್ಟಿ ಅಕ್ಕ ತಲೆಯೆತ್ತಲಿಲ್ಲ. “ಮೂರು ಕಡೆ ಏಳೇಳಿದೆ,” ಅಂದಳು ಮೆಲ್ಲಗೆ. “ಐದು ಎಲ್ಲೂ ಇಲ್ಲ.”

“ಬದಲಾಯ್ತು ಅಕ್ಕ, ಇದು ಹಳೇದು...” ಎಂದಳು ಅವಳು. ಹಾಳೆಯ ಮೂಲೆಯಲ್ಲಿ ಇವತ್ತಿನ ತಾರೀಖು ಇತ್ತು, ಒಂದು ಗಂಟೆ ನಲವತ್ತು ನಿಮಿಷ ಎಂದೂ ಇತ್ತು. ಅಕ್ಕ ಅದನ್ನು ನೋಡಿದಳೋ ಇಲ್ಲವೋ. ಎರಡು ತುದಿ ಹಿಡಿದು ಹಾಳೆಯನ್ನು ಒಮ್ಮೆ ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು, ಮತ್ತೊಮ್ಮೆ ಮಡಿಸಿದಳು, ಉಗುರಿನಿಂದ ಮಡಿಕೆಯನ್ನು ಒತ್ತಿದಳು. ಅವಳಿಗೆ ತನ್ನ ಮುಖವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಬೈಯಲಿ, ಬೈದರೆ ತಾನೂ ತಿರುಗಿ ಬೈಯಬಹುದು ಎಂದು ಕಾದಳು. ಅಕ್ಕ ಬೈಯದೆ ಟೀ ಕುಡಿದಳು. ತಣ್ಣಗಾಗಿರಬೇಕು, ಒಂದೇ ಸಲಕ್ಕೆ ಕುಡಿದಳು.

ಫೋನು ಹೊಡೆದುಕೊಂಡಿತು. ಗಂಡ. ಅವಳು ಎತ್ತಿದೊಡನೆ ಅವನ ದನಿ ಕೋಣೆಗೆಲ್ಲ ಕೇಳಿಸಿತು. “ಏನಂದ್ರು ಅಕ್ಕ? ಟಿಕೆಟಿನವಳು ಫೋನ್ ಮಾಡಿದ್ಲು, ಇವತ್ತು ಸಂಜೆ ಒಳಗೆ ಹೆಸರು ಕೊಡಿ ಅಂತಾಳೆ. ಎರಡೋ ಮೂರೋ? ಬೇಕಾದ್ರೆ ಈಗ್ಲೂ ಕಾರ್ ಮಾಡೋಣ, ನನ್ನ ಸೊಂಟ ಏನೂ ಗಾಜಿಂದಲ್ಲ.”

ಅವಳು ಬಾಯಿ ತೆರೆದಳು. ಅಕ್ಕ ಕೈ ಚಾಚಿ ಫೋನು ತೆಗೆದುಕೊಂಡಳು.

“ಎರಡು ಕೊಡಿ,” ಎಂದಳು. “ಇಲ್ಲಪ್ಪ, ಅವಳ ತಪ್ಪಿಲ್ಲ. ಬಂದಾಗಿಂದ ಬಾ ಬಾ ಅಂತ ಪ್ರಾಣ ತಿಂತಿದ್ದಾಳೆ. ನಾನೇ ಒಲ್ಲೆ ಅಂದೆ. ಸೇತುವೆ ಹತ್ತಿ ನೋಡ್ದೆ, ಮಂಡಿ ಕೈ ಕೊಡ್ತು. ಕಾರೂ ಬೇಡ, ಕೂತು ಕೂತು ಮರಗಟ್ಟುತ್ತೆ. ಹ್ಞೂಂ. ನನಗೇನು ಬೇಜಾರು, ಮಣ್ಣು. ನೀವು ಫೋಟೋ ತೆಗೆದು ತೋರಿಸಿ. ನಿಮ್ಮ ಹೆಬ್ಬೆಟ್ಟು ಅಡ್ಡ ಬರದ ಹಾಗೆ ತೆಗೀರಿ.” ಆ ಕಡೆ ಗಂಡ ನಕ್ಕದ್ದು ಕೇಳಿಸಿತು. ಅಕ್ಕನೂ ನಕ್ಕಳು. ಎಷ್ಟು ಚೆನ್ನಾಗಿ ನಕ್ಕಳೆಂದರೆ, ತನಗೆ ಬರುವ ಈ ಸುಳ್ಳಿನ ಸಲೀಸೂ ಅಕ್ಕನದೇ ಇರಬೇಕು ಎನಿಸಿತು ಅವಳಿಗೆ. ಆದರೆ ಅಕ್ಕನ ಸುಳ್ಳಿನೊಳಗೆ ಇನ್ನೊಬ್ಬರು ಮರೆಯಾಗಿ ನಿಲ್ಲಲು ಜಾಗ ಇತ್ತು. ಬೇಕಾದದ್ದು ಸಿಕ್ಕಿತ್ತು. ಕೇಳಿದ್ದಕ್ಕಿಂತ ಚೆನ್ನಾಗಿಯೇ ಸಿಕ್ಕಿತ್ತು. ಎರಡು ಹೆಸರು. ಎದ್ದು ಹೋಗಬಹುದು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಅವಳು ಕೂತೇ ಇದ್ದಳು.

“ಇದನ್ನ ಇಲ್ಲೇ ಬಿಟ್ಟು ಹೋಗು,” ಅಕ್ಕ ಮಡಿಸಿದ ಹಾಳೆ ತೋರಿಸಿದಳು. “ನೀವು ಯಾವ ಹೊತ್ತಿಗೆ ಎಲ್ಲಿದ್ದೀರಿ ಅಂತ ನೋಡ್ಕೊಂಡಿರ್ತೀನಿ. ನನ್ನ ಕನ್ನಡಕಕ್ಕೆ ಅಕ್ಷರ ಸಣ್ಣದಾಯ್ತು. ಒಂದ್ಸಲ ಓದಿ ಹೇಳು.”

“ಈಗಾ?”

“ಈಗ್ಲೇ. ಊರು ನೋಡೋ ದಿನ ಬಿಡು. ಗಾಡಿ ಹತ್ತೋ ದಿನದಿಂದ ಓದು.”

ಅವಳು ಮಡಿಕೆ ಬಿಚ್ಚಿದಳು. “ಐದನೇ ದಿನ. ಬೆಳಿಗ್ಗೆ ಎಂಟು ಹತ್ತು. ಗೋಪುರದೂರಿಂದ.”

“ಹತ್ತಿದ್ರಾ?”

ಅದನ್ನು ತಮಾಷೆಗೆ ಕೇಳುತ್ತಿದ್ದಾಳೋ ಏನೋ ಎಂದು ನೋಡಿದಳು. ಅಕ್ಕ ಕಣ್ಣು ಮುಚ್ಚಿ ಕುರ್ಚಿಗೆ ತಲೆಯಾನಿಸಿದ್ದಳು. “ಹತ್ತಿದ್ವಿ,” ಅಂದಳು ಅವಳು.

“ಕಿಟಕಿ ಪಕ್ಕ ನೀನು ಕೂತ್ಕೋ. ಅವರು ಹೇಗಿದ್ರೂ ನಿದ್ದೆ ಹೊಡೀತಾರೆ.”

“ಹನ್ನೊಂದು ಮೂವತ್ತೆರಡಕ್ಕೆ ಇಳಿಯೋದು. ಹನ್ನೊಂದು ಮೂವತ್ತೊಂಬತ್ತಕ್ಕೆ ಬೇರೆ ಗಾಡಿ.”

“ಮೆಟ್ಟಿಲು ಇದೆಯಾ?”

“ಇದೆ. ಇಳಿದು ಮತ್ತೆ ಹತ್ತಬೇಕು.”

“ಚೀಲ ಅವರ ಕೈಗೆ ಕೊಡು. ನೀನು ಮುಂದೆ ಓಡು, ಬಾಗಿಲು ಹಿಡ್ಕೊಂಡು ನಿಂತ್ಕೋ. ಹತ್ತಿದ್ರಾ?”

“ಹತ್ತಿದ್ವಿ.”

ಅಕ್ಕ ಉಸಿರು ಬಿಟ್ಟಳು, ನಿಜವಾಗಿಯೂ ಹತ್ತಿ ಕೂತವಳ ಹಾಗೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಅತ್ತಿತ್ತ ಚಲಿಸುತ್ತಿತ್ತು. ಏನು ನೋಡುತ್ತಿದ್ದಾಳೆ? ಬಾತ ಮಂಡಿ ಮುಂದಿನ ಸ್ಟೂಲಿನ ಮೇಲಿತ್ತು, ಎದುರು ಸೀಟಿನ ಮೇಲಿಟ್ಟ ಹಾಗೆ. “ಎರಡು ಹದಿನಾಲ್ಕು,” ಎಂದು ಅವಳು ಓದಿದಳು, “ಎರಡು ಇಪ್ಪತ್ತೊಂದು,” ಎಂದು ಓದಿದಳು. ಅಕ್ಕನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿತು.

“ಸಿಕ್ತಾ?”

ಹೌದು ಅನ್ನುವುದು ಏನೂ ಕಷ್ಟವಿರಲಿಲ್ಲ. ಇದು ಬರೀ ಆಟ. ಇಂಥ ಒಂದು ಹೌದಿಗೆ ಯಾವ ಭಾರವೂ ಇಲ್ಲ. ಅವಳು ಹಾಳೆಯನ್ನೇ ನೋಡುತ್ತ ಕೂತಳು. ಅಂಕಿಗಳು ಒಂದರ ಕೆಳಗೊಂದು ನೇರವಾಗಿ ನಿಂತಿದ್ದವು.

“ಇಲ್ಲ.”

“ತಡ ಆಯ್ತಾ? ಇನ್ನೊಂದು ಗಾಡಿ ಇರ್ಬೇಕಲ್ಲ.”

“ಇದೆ. ನೇರ ಗಾಡಿ ಇದೆ ಅಕ್ಕ. ಬೆಳಿಗ್ಗೆ ಒಂಬತ್ತಕ್ಕೆ ಹೊರಡುತ್ತೆ, ಸಂಜೆ ನೀರೂರಲ್ಲೇ ಇಳಿಯೋದು. ನಡುವೆ ಎಲ್ಲೂ ಇಳಿಯೋ ಹಾಗೇ ಇಲ್ಲ. ಅಲ್ಲಿಂದ ಮುಂದಕ್ಕೂ ಹಾಗೇ. ಮೊದಲ ದಿನಾನೇ ನೋಡಿದ್ದೆ.” ಹಾಳೆಯನ್ನು ತೊಡೆಯ ಮೇಲಿಟ್ಟಳು. “ನಾನೇ ಹಾಕಲಿಲ್ಲ.”

ಅಕ್ಕ ಕಣ್ಣು ತೆರೆಯಲಿಲ್ಲ.

“ನಾನು ಬಾಯಿ ಬಿಡ್ತೀನಿ ಅಂತಾನಾ?” ಎಂದು ಕೇಳಿದಳು. “ಸಿಕ್ಕಿದೋರ ಹತ್ರ?”

ಅವಳು ಹಾಳೆಯ ಮೂಲೆಯನ್ನು ಪರಪರ ಎಂದು ಮಡಿಸಿ ಬಿಚ್ಚಿದಳು. ಅಕ್ಕ ಅದನ್ನೇ ಉತ್ತರವೆಂದು ತೆಗೆದುಕೊಂಡಳು.

“ಹೇಳ್ಬಹುದಿತ್ತಲ್ಲೇ. ಮುಚ್ಕೊಂಡಿರು ಅಂದಿದ್ರೆ ಮುಚ್ಕೊಂಡಿರ್ತಿದ್ದೆ. ಬೈದಿದ್ರೂ ಆಗ್ತಿತ್ತು.” ಆಮೇಲೆ, “ಆ ಮೂರನೇ ಮಗೂಗೆ ಹೆಸರು ನೋಡಿಟ್ಟಿದ್ದೆ ನಾನು. ಯಾರ ಹತ್ರಾನಾದ್ರೂ ಹೇಳ್ಬೇಕು ಅನ್ಸೋದು. ನಿನ್ನ ಹತ್ರ ಹೇಳೋ ಹಾಗಿರ್ಲಿಲ್ಲ,” ಅಂದಳು.

ಅವಳು ಕುರ್ಚಿಯಿಂದ ಮುಂದಕ್ಕೆ ಜರುಗಿದಳು. ಮುಟ್ಟಬೇಕೆಂದು ಕೈ ಎತ್ತಿ, ಎಲ್ಲಿ ಮುಟ್ಟಬೇಕೆಂದು ತಿಳಿಯದೆ, ಸ್ಟೂಲಿನ ಅಂಚು ಹಿಡಿದುಕೊಂಡಳು. “ಬಾ ಅಕ್ಕ. ಸಂಜೆ ತನಕ ಟೈಮಿದೆ. ಈಗ್ಲೇ ಫೋನ್ ಮಾಡ್ತೀನಿ, ಮೂರು ಅಂತ ಹೇಳ್ತೀನಿ. ನೇರ ಗಾಡೀಲೇ ಹೋಗೋಣ. ಬಾ.”

ಅಕ್ಕ ಕಣ್ಣು ತೆರೆದು ಅವಳನ್ನು ನೋಡಿದಳು. ಸಿಟ್ಟು ಇರಲಿಲ್ಲ. ಸಿಟ್ಟನ್ನು ಹುಡುಕಿದಳು ಅವಳು, ಸಿಗಲಿಲ್ಲ.

“ನಿಜವಾಗ್ಲೂ ಏಳೇ ನಿಮಿಷ ಆಗಿದ್ದಿದ್ರೆ ಬಿದ್ದಾದ್ರೂ ಎದ್ದಾದ್ರೂ ಬರ್ತಿದ್ದೆ. ಈಗ ಬರೋಕೆ ನಾಚಿಕೆ ಆಗುತ್ತೆ ಕಣೇ,” ಅಂದಳು. “ಬೀದಿಯವರ ಮುಂದೆಲ್ಲ ಆ ಸೂಟ್‌ಕೇಸ್ ಎಳ್ಕೊಂಡು ಹತ್ತಿ ಇಳಿದ್ನಲ್ಲ, ಅದನ್ನ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.”

“ನಾಚಿಕೆ ಆಗ್ಬೇಕಾದ್ದು ನನಗೆ.”

“ನಿನಗೂ ಆಗ್ಲಿ. ಯಾರು ಬೇಡ ಅಂದ್ರು?” ಬಿಸಿನೀರಿನ ಚೀಲವನ್ನು ಮತ್ತೆ ಮಂಡಿಗೆ ಒತ್ತಿಕೊಂಡು, ತಣ್ಣಗಾಗಿದೆ ಎಂದು ಗೊತ್ತಾಗಿ ಕೆಳಗಿಟ್ಟಳು. “ಓದು. ಪೂರ್ತಿ ಓದಿ ಹೋಗು. ನೀನು ಮಾಡಿದ್ದೇ ತಾನೇ.”

ಎದ್ದು ಹೋಗಿದ್ದರೆ ಆಗುತ್ತಿತ್ತು. ಅತ್ತಿದ್ದರೂ ಆಗುತ್ತಿತ್ತು; ಅಳು ಬಂದಿದ್ದರೆ ಅಕ್ಕ ಎಷ್ಟಾದರೂ ಹತ್ತಿರ ಎಳೆದುಕೊಳ್ಳುತ್ತಿದ್ದಳು, ಅದು ಇಬ್ಬರಿಗೂ ಗೊತ್ತಿತ್ತು. ಬರಲಿಲ್ಲ. ಅವಳು ಓದಿದಳು. ಆರನೇ ದಿನ ದೋಣಿ, ಏಳನೇ ದಿನ ದ್ವೀಪ, ಎಂಟನೇ ದಿನ ಏನೂ ಇಲ್ಲ, ವಿಶ್ರಾಂತಿ. ತರಗತಿಯಲ್ಲಿ ಹಾಜರಿ ಕರೆಯುವ ದನಿಯೇ ಬರುತ್ತಿತ್ತು, ಬೇರೆ ದನಿ ಸಿಗಲಿಲ್ಲ. ಅಕ್ಕ ನೆಟ್ಟಗೆ ಕೂತು, ಪರಿಚಯವಿಲ್ಲದವರ ಮಾತು ಕೇಳುವಷ್ಟು ಮರ್ಯಾದೆಯಿಂದ ಕೇಳುತ್ತಿದ್ದಳು. ಒಂಬತ್ತನೇ ದಿನ ಬಂತು. “ಹತ್ತು ಇಪ್ಪತ್ತಕ್ಕೆ ನೀರೂರಿಂದ ಹೊರಡೋದು,” ಎಂದು ಓದಿದಳು, “ಒಂದು ಐದಕ್ಕೆ ಇಳಿಯೋದು. ಒಂದು ಹನ್ನೆರಡಕ್ಕೆ ಬೇರೆ ಗಾಡಿ. ಮೇಲ್ಸೇತುವೆ ದಾಟಬೇಕು.” ಓದಿ, ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ಕಾದಳು. ಅಕ್ಕ ಕಿಟಕಿಯ ಕಡೆ ತಿರುಗಿದ್ದಳು. ಹತ್ತಿದ್ರಾ ಎಂದು ಕೇಳಲಿಲ್ಲ.